ಮೂರು ಗುಲಗಂಜಿ ಕಮ್ಮಿ

ಆದೋನಿಯ ಷರಾಫ ಬಜಾರಿನಲ್ಲಿ
ನನ್ನಂಗಡಿಯ ಬೋರ್ಡು ತೆಲುಗು, ಗಿರಾಕಿಯ ಬಾಯಿ ಮೂರು ಭಾಷೆ,
ಲೆಕ್ಕ ಮಾತ್ರ ಅಪ್ಪನ ಕಾಲದಿಂದ ಕನ್ನಡ.
ಉರಿಬಿಸಿಲಲ್ಲಿ ಪಿಂಜಾರ ಹುಸೇನಮ್ಮ ಬಂದು
ಬಿಸ್ಕತ್ತಿನ ಡಬ್ಬಿಯೊಂದನ್ನು ಗಾದಿಯ ಮೇಲಿಟ್ಟಳು.
“ದೊರೀವು. ನಮ್ಮ ಮಾವಗ ಕೊಟ್ಟು ಸತ್ತ.
ಬೆಳ್ಳಿ ಎಷ್ಟೈತಿ ನೋಡಪ್ಪ ಮೌನೇಶ,
ಮೊಮ್ಮಗಳಿಗೆ ಕಾಲ್ಗಡಗ ಆಗಬೇಕು.”

ನಾಲ್ಕು ಪದಕ.
ಏಳನೇ ಕ್ಲಾಸಿಗೆ ಬಿಟ್ಟವನು ನಾನು,
ಲೋಹವನ್ನಾದರೆ ಓದಬಲ್ಲೆ.

ಮೊದಲನೆಯದು ನಕ್ಷತ್ರ: ಹಿತ್ತಾಳೆಯ ತಂಗಿ.
ಎರಡನೆಯದು ಅದರ ಅವಳಿ, ನಡುವೆ ಇಂಗ್ಲಿಷಿನಲ್ಲಿ ಬರ್ಮಾ,
ಅಕ್ಷರ ಕೂಡಿಸಿ ಕೂಡಿಸಿ ಓದಿದೆ.
ಒರೆಗಲ್ಲಿಗೆ ಹಚ್ಚಿದರೆ ಹಳದಿ ಗೆರೆ,
ಆಸಿಡ್ಡು ಬಿಟ್ಟರೆ ಹಸಿರು ನೊರೆ.
ಮೂರನೆಯದು ದುಂಡಗೆ. ಸಿಂಹವೊಂದು
ಎರಡು ತಲೆಯ ಸರ್ಪವನ್ನು ಮೆಟ್ಟಿ ನಿಂತಿದೆ.
ನಿಕ್ಕಲ್ಲು. ಸಿಂಹಕ್ಕೂ ಗೊತ್ತಿದ್ದೀತು.

ಆರು ವರ್ಷದ ಲಡಾಯಿ, ತಕ್ಕಡಿಯತನಕ ಬರಲಿಲ್ಲ.

ಕೊನೆಗೆ ಶಿಲುಬೆ.
ಮೂರು ತುದಿಗೆ ಬಾಂಬು, ನಾಲ್ಕನೆಯದಕ್ಕೆ ಗುಲಾಬಿ!
ಯಾವ ಸೀಮೆಯ ಅಕ್ಕಸಾಲಿಯ ಬುದ್ಧಿಯೋ.
ಇದು ಬೆಳ್ಳಿ, ಅಪ್ಪಟ.
ಹಿಂದುಗಡೆ ರಾಜನ ಅಕ್ಷರ, ಕೆಳಗಿನ ತೋಳಿಗೆ ಸಾವಿರದ ಒಂಬೈನೂರ ನಲವತ್ನಾಲ್ಕು.
ಹೆಸರಿಲ್ಲ.
ಅಂಚು ತಿರುವಿದೆ, ಕೊಂಡಿ ಎತ್ತಿದೆ, ಎಲ್ಲೂ ಇಲ್ಲ.
ನೀರು ಕುಡಿಯುವ ಲೋಟಕ್ಕೂ ಚುಕ್ಕಿ ಹೊಡೆಸಿ
ಕೊಟ್ಟವರು ಯಾರು, ಇಸಗೊಂಡವರು ಯಾರು, ಯಾವ ಮದುವೆ,
ಎಲ್ಲ ಬರೆಸುವ ಊರಿದು.
ಚಕ್ರವರ್ತಿ ಕೊಟ್ಟದ್ದಕ್ಕೆ ಬರೀ ಇಸವಿ.

“ದೊರಿ ಹೆಸರೇನಬೇ?”
“ಗಾಳಿ ದೊರಿ ಅಂತಿದ್ವಿ. ಹತ್ತಿ ಪ್ರೆಸ್ಸಿನ ಮ್ಯಾನೇಜರ.
ಬರ್ಮಾದಾಗ ಒಂದು ರೆಕ್ಕಿ ಸುಟ್ಟುಹೋಗಿತ್ತಂತ,
ಉಳಿದದ್ದರ ಮ್ಯಾಲೆ ಐದು ಮಂದೀನ ಇಳಿಸಿದ್ನಂತ.
ನಾವೇನು ಕಂಡೀವಿ? ನಾವು ಕಂಡದ್ದು
ಜಿನ್ನಿನ ಭೋಂಗಾ ಕೂಗಿದ್ರ ಮೇಜಿನ ಬುಡಕ ಕುಂದ್ರೋದು.
ನಮ್ಮ ಮಾವನೂ ಜೋಡಿ ಕುಂದ್ರತಿದ್ದ, ಚಾ ಹಿಡಕಂಡು,
ಕೂಗು ನಿಲ್ಲೋತನಕ.
ಶುಕ್ರವಾರಕ್ಕೊಮ್ಮೆ ಅಂಟವಾಳದ ನೊರ್ಯಾಗ
ಇವನ್ನ ತಿಕ್ಕತಿದ್ದ. ದೊರಿ ಹಾಕ್ಕೊಂಬಂಗಿಲ್ಲ, ಇಂವ ಬಿಡಂಗಿಲ್ಲ.
ದೊರಿ ಮಣ್ಣಿಗೆ ಹೋದ ಮ್ಯಾಲೂ ಬಿಡಲಿಲ್ಲ.”

ಗಾಳಿ ದೊರೆ.
ಆ ಹೆಸರು ಎಲ್ಲೋ ಕಂಡಿದ್ದೆ. ಅಟ್ಟದಿಂದ
ಅಪ್ಪನ ಕೆಂಪು ವಹಿ ಇಳಿಸಿ, ಜಿರಲೆ ಕೊಡವಿ, ಹುಡುಕಿದೆ.
ಐವತ್ತೆರಡು, ಐವತ್ತಾರು, ಮತ್ತೆ ಐವತ್ತೇಳು,
ಮೂರು ಸಲ ಅಡವು:
“ಬೆಳ್ಳಿ ಶಿಲುಬೆ ಒಂದು, ಎರಡು ತೊಲ ಹತ್ತು ಗುಲಗಂಜಿ.”
ಯಾತಕ್ಕೆ ಅಂತ ಬರೆದಿಲ್ಲ, ಅಪ್ಪ ಕೇಳುವವನಲ್ಲ.
ಇಟ್ಟ ಸಹಿ ಇಂಗ್ಲಿಷು, ಓಡುವ ಅಕ್ಷರ, ನನಗೆ ಸಿಗಲಿಲ್ಲ.
ಬಿಡಿಸಿಕೊಂಡಲ್ಲಿ ಮೂರೂ ಸಲ,
ಬಡ್ಡಿ ಸಮೇತ,
ಪಿಂಜಾರ ದಸ್ತಗೀರಸಾಬನ ಹೆಬ್ಬೆಟ್ಟು.

ಹುಸೇನಮ್ಮ ಬಗ್ಗಿ ನೋಡಿದಳು. ಮಸಿಯ ಗೆರೆಗಳನ್ನು
ಬೆರಳಿಂದ ಮುಟ್ಟಲಿಲ್ಲ.
“ಇದು ಮನ್ಯಾಗ ಹೇಳಿದ್ದಿಲ್ಲ,” ಅಂದಳು.

ತೂಗಿದೆ. ಎರಡು ತೊಲ, ಏಳು ಗುಲಗಂಜಿ.
ಇನ್ನೊಮ್ಮೆ ತೂಗಿದೆ, ಫ್ಯಾನು ನಿಲ್ಲಿಸಿ.
ಗುಲಾಬಿ ಸವೆದು ನುಣ್ಣಗಾಗಿದೆ, ರಾಜನ ಅಕ್ಷರ ಮಬ್ಬು,
ಸಂದಿಯಲ್ಲಿದ್ದ ಬಾಂಬುಗಳು ಮಾತ್ರ ಹಾಗೇ.
“ಮೂರು ಗುಲಗಂಜಿ ಕಮ್ಮಿ ಬರತೈತಿ.”
“ನಿನ್ನ ತಕ್ಕಡಿ ಕೆಟ್ಟೈತಿ,” ಅಂದಳು.

ಮೂರು ಪದಕ ಡಬ್ಬಿಗೆ ಮರಳಿದವು.
ನೇರಳೆ ಬಿಳಿ ಓರೆಪಟ್ಟೆಯ ರಿಬ್ಬನ್ನು ಬಿಚ್ಚಿ
ಡಬ್ಬಿಗೇ ಕಟ್ಟಿದಳು, ಮುಚ್ಚಳ ಸಡಿಲವಾಗಿತ್ತು.
ಶಿಲುಬೆಯನ್ನು ಮೂಸೆಗೆ ಬಿಟ್ಟೆ,
ಕಮ್ಮಿ ಬಿದ್ದದ್ದಕ್ಕೆ ನನ್ನ ಡಬರಿಯಿಂದ ಒಂದು ಚೂರು ಹಾಕಿದೆ,
ಬರೆದುಕೊಳ್ಳಲಿಲ್ಲ.

“ಒಳಮೈಗೆ ಹೆಸರು ಹೊಡೆಯಲೇನು?”
“ಹೊಡಿ. ತಸ್ಲೀಮಾ ಅಂತ.”
“ಇಸವಿ?”
“ಇಸವಿ ಬ್ಯಾಡ. ಬೆಳ್ಯಾಕಿ ಅದಾಳ.”